ಮೂರು ಕಾರ್ಡು, ಎರಡು ಬಳೆ

ಸೋದರಿಯರೇ, ಹಿಂದಿನ ಸಂಚಿಕೆಯಲ್ಲಿ ಸೌತೆಕಾಯಿ ಹುಳಿಯ ವಿಷಯ ಹೇಳಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ಬೀರುವಿನ ಕಡೆ ಬರೋಣ.

ಕಳೆದ ದೀಪಾವಳಿಗೆ ಬೀರು ಒರೆಸುವಾಗ ನಮ್ಮೆಜಮಾನರ ಮೂರು ಕ್ರೆಡಿಟ್ ಕಾರ್ಡುಗಳ ಬಿಲ್ಲು ಸಿಕ್ಕಿತು. ಒಟ್ಟು 60,000 ರೂಪಾಯಿ ಬಾಕಿ! "ತಿಂಗಳಿಗೆ 3,000 ಕಟ್ತಾ ಇದ್ದೀನಲ್ಲ, ನಿನಗ್ಯಾಕೆ ಚಿಂತೆ?" ಅಂದರು. ಹಾಲಿನ ಲೆಕ್ಕದ ಪುಸ್ತಕದಲ್ಲೇ ಗುಣಿಸಿ ನೋಡಿದೆ. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಅಂದರೆ 2,100. ಅದರ ಮೇಲೆ ಶೇಕಡಾ 18ರ ತೆರಿಗೆ 378. ಕಟ್ಟಿದ್ದರಲ್ಲಿ ಅಸಲಿಗೆ ಸೇರಿದ್ದು ಬರೀ 522! ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬೈದು ಪ್ರಯೋಜನವೇನು? ಅಮ್ಮ ಕೊಟ್ಟ ಎರಡು ಬಳೆ ಬ್ಯಾಂಕಿನಲ್ಲಿ ಅಡವಿಟ್ಟೆ. ತೆಗೆದುಕೊಡುವಾಗ ಕರುಳು ಚುರ್ ಅಂತು. ಅಲ್ಲಿ ಬಡ್ಡಿ ವರ್ಷಕ್ಕೆ ನೂರಕ್ಕೆ 10 ರೂಪಾಯಿ. ಮೂರೂ ಕಾರ್ಡು ಒಂದೇ ದಿನ ಚುಕ್ತಾ! ಅದೇ 3,000 ತಿಂಗಳು ತಿಂಗಳು ಕಟ್ಟಿದರೆ 22 ತಿಂಗಳಿಗೆ ಸಾಲ ಮುಗಿದು ಬಳೆ ಕೈಗೆ.

ಎರಡು ಮಾತು ನೆನಪಿಡಿ. ಕಾರ್ಡು ಕತ್ತರಿಸಿದರೆ ಸಾಲದು, ಮುಚ್ಚಲು ಬರೆದುಕೊಡಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ಅಡವಿನ ಕಂತು ಮಾತ್ರ ತಪ್ಪಿಸಬೇಡಿ, ಚಿನ್ನ ಹರಾಜಿಗೆ ಹೋದೀತು.

ಮೊನ್ನೆ ಮದುವೆಗೆ ಗಾಜಿನ ಬಳೆ ತೊಟ್ಟೇ ಹೋದೆ. ಅತ್ತಿಗೆ ಕೇಳಿದರು, ನಕ್ಕು ಸುಮ್ಮನಾದೆ. ಬರುವಾಗ ಬಸ್ಸಿನಲ್ಲಿ ಇವರು, "ಇನ್ನು ಹದಿನಾಲ್ಕು ತಿಂಗಳು ಕಣೇ" ಅಂದರು. ಲೆಕ್ಕ ಈಗ ಅವರಿಗೂ ಬಾಯಿಪಾಠ!