ಯಂತ್ರದ ಮಮತೆ ಯಾರಿಗೆ ಲಾಭ?

ವೃದ್ಧರ ಒಂಟಿತನಕ್ಕೆ ಯಂತ್ರವೇ ಮದ್ದೆಂಬ ವಾದವೊಂದು ಪ್ರಬಲವಾಗುತ್ತಿದೆ. ಅದಕ್ಕೆ ನಿದರ್ಶನವಾಗಿ ತೋರಿಸಲ್ಪಡುವುದು ಜಪಾನಿನ ತಕನೋರಿ ಶಿಬಾತಾ ರೂಪಿಸಿದ ‘ಪಾರೊ’. ಸೀಲ್ ಎಂಬ ಕಡಲಪ್ರಾಣಿಯ ಮರಿಯನ್ನು ಹೋಲುವ ಈ ರೋಬೋಟ್ ಸವರಿದರೆ ಕಣ್ಣು ಮಿಟುಕಿಸುತ್ತದೆ, ಕರೆದರೆ ತಲೆಯೆತ್ತುತ್ತದೆ. 2009ರಲ್ಲಿ ಅಮೆರಿಕ ಇದನ್ನು ವೈದ್ಯಕೀಯ ಸಾಧನವೆಂದು ಮಾನ್ಯ ಮಾಡಿತು. ಮರೆವಿನ ರೋಗಕ್ಕೆ ತುತ್ತಾದವರು ಇದನ್ನು ಮಡಿಲಲ್ಲಿಟ್ಟುಕೊಂಡು ಶಾಂತರಾಗುವುದುಂಟು. ಜೀವಂತ ಪ್ರಾಣಿಯನ್ನು ಸಾಕಲಾಗದ ಆಸ್ಪತ್ರೆಗಳಲ್ಲಿ ಇದರ ಉಪಯೋಗವನ್ನು ಅಲ್ಲಗಳೆಯುವುದು ಅನ್ಯಾಯವೇ ಸರಿ.

ಆದರೆ ಸಮಾಧಾನ ದೊರೆತುದರಿಂದ ಸಂಗಾತಿಯೂ ದೊರೆತಂತಾಯಿತೆಂಬ ತೀರ್ಮಾನ ವಿಚಾರಕ್ಕೆ ನಿಲ್ಲದು. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ ಸಿಮೆಲ್ ಎಂಬ ಮನೋವಿಜ್ಞಾನಿಗಳು ತ್ರಿಕೋನ, ವೃತ್ತಗಳು ಚಲಿಸುವ ಕಿರುಚಿತ್ರವೊಂದನ್ನು ತೋರಿಸಿದಾಗ, ನೋಡಿದವರಲ್ಲಿ ಬಹುತೇಕರು ಆ ಆಕೃತಿಗಳನ್ನು ಜೀವಿಗಳೆಂಬಂತೆ ವರ್ಣಿಸಿದರು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬಹುಮಟ್ಟಿಗೆ ಎದುರಿನವರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಅದು ಸಿದ್ಧವಾಗುತ್ತಿದ್ದುದನ್ನು ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಸಂಭಾಷಣೆಗೆ ತೊಡಗಿ, ಕೋಣೆಯಿಂದ ಹೊರಹೋಗುವಂತೆ ಅವರನ್ನು ಕೇಳಿಕೊಂಡರು! ಚಲಿಸುವುದಕ್ಕೂ ಉತ್ತರಿಸುವುದಕ್ಕೂ ಮನಸ್ಸನ್ನು ಆರೋಪಿಸುವುದು ಮನುಷ್ಯನ ಸಹಜಗುಣ. ತಿಳಿವಳಿಕೆಯೂ ಅದನ್ನು ಪೂರ್ತಿ ತಡೆಯದು.

ಹಾಗಾದರೆ ಪಾರೊವಿನಲ್ಲಿ ಕಾಣುವ ಮಮತೆ ವೃದ್ಧರದೇ ಮಮತೆ. ಬಂಡವಾಳ ಅವರದು; ಲಾಭವನ್ನು ಲೆಕ್ಕಕ್ಕೆ ಬರೆದುಕೊಳ್ಳುವವರು ಬೇರೆಯವರು. ಯಂತ್ರ ತಂದಿಟ್ಟು ನಿಶ್ಚಿಂತರಾಗುವ ಮಕ್ಕಳು, ಅದರ ನೆಪದಲ್ಲಿ ಸಿಬ್ಬಂದಿಯನ್ನು ಕಡಿತಗೊಳಿಸುವ ಆಶ್ರಮಗಳು ಆ ಬೇರೆಯವರಲ್ಲವೆ? ಷೆರಿ ಟರ್ಕಲ್ 2011ರ ತಮ್ಮ ಗ್ರಂಥದಲ್ಲಿ ವ್ಯಕ್ತಪಡಿಸಿದ ಕಳವಳವೂ ಇದಕ್ಕೆ ಸಂಬಂಧಿಸಿದ್ದು: ದುಃಖವೆಂದರೇನೆಂದು ಅರಿಯದ ವಸ್ತುವಿನ ಮುಂದೆ ಮುದಿಜೀವಗಳು ತಮ್ಮ ದುಃಖವನ್ನು ತೋಡಿಕೊಳ್ಳುತ್ತಿವೆ.

‘ಆರೈಕೆಗೆ ಜನರೇ ಇಲ್ಲ, ಏನೂ ಇಲ್ಲದಿರುವುದಕ್ಕಿಂತ ಇದು ಲೇಸಲ್ಲವೆ?’ ಎಂದು ಕೇಳುವವರುಂಟು. ಜನರ ಅಭಾವ ಬರಗಾಲದಂತೆ ಮುಗಿಲಿನಿಂದ ಬಂದುದಲ್ಲ. ಆರೈಕೆ ಮಾಡುವವರಿಗೆ ಎಷ್ಟು ಸಂಬಳ, ತಂದೆತಾಯಿಗಳಿಗೆ ಎಷ್ಟು ಸಮಯ ಎಂದು ನಿರ್ಧರಿಸುವವರು ಮನುಷ್ಯರೇ. ಆ ನಿರ್ಧಾರದ ಹೊಣೆಯನ್ನು ಯಂತ್ರದ ಮೇಲೆ ಹೊರಿಸುವುದು ಆತ್ಮವಂಚನೆ.

ವೃದ್ಧಾಶ್ರಮ ನಡೆಸುವ ಸಂಸ್ಥೆಗಳೂ ಹಿರಿಯರಿರುವ ಕುಟುಂಬಗಳೂ ಇಂಥ ಸಾಧನಗಳನ್ನು ಕೊಳ್ಳುವ ಮೊದಲು ಒಂದು ನಿಯಮವನ್ನು ಸ್ವೀಕರಿಸಲಿ: ಯಂತ್ರ ಬಂದ ಮೇಲೆ ಹಿರಿಯರನ್ನು ಕಾಣಬರುವವರ ಸಂಖ್ಯೆ ಕುಗ್ಗಿದರೆ, ಆ ಯಂತ್ರವನ್ನು ಹಿಂದಿರುಗಿಸಬೇಕು.