ಕಚೇರಿಯ ಕನ್ನಡದಲ್ಲಿ ಕರ್ತೃಪದ

ಭಾಷಾಶಿಕ್ಷಣವೆಂದೊಡನೆ ಪದ್ಯದ ಭಾವಾರ್ಥ, ಅಲಂಕಾರ, ಛಂದಸ್ಸು, ಪ್ರಬಂಧಗಳು ನೆನಪಿಗೆ ಬರುವುದು ಸಹಜ. ಆದರೆ ಶಾಲೆಯಿಂದ ಹೊರಬಿದ್ದವರಲ್ಲಿ ಕವಿಗಳಾಗುವವರು ಕೆಲವರೇ. ಕಚೇರಿ, ಬ್ಯಾಂಕು, ಸಹಕಾರ ಸಂಘ, ಪಂಚಾಯಿತಿಗಳಲ್ಲಿ ಕುಳಿತು ಪತ್ರ, ಟಿಪ್ಪಣಿ, ವರದಿ, ನಡವಳಿಗಳನ್ನು ಬರೆಯುವವರು ಬಹುಮಂದಿ. ಆ ಬರವಣಿಗೆಗೆ ಶಾಲೆಯು ಅವರನ್ನು ಎಷ್ಟರಮಟ್ಟಿಗೆ ಸಿದ್ಧಗೊಳಿಸುತ್ತಿದೆ ಎಂಬುದು ವಿಚಾರಣೀಯ.

1963ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡಿತು. ಕಡತಗಳಿಗೆ ಕನ್ನಡದ ಅಕ್ಷರ ಬಂದಿತು. ಕನ್ನಡದ ವಾಕ್ಯ ಇನ್ನೂ ಪೂರ್ಣವಾಗಿ ಬಂದಿಲ್ಲ. ‘ಅರ್ಜಿಯನ್ನು ಪರಿಶೀಲಿಸಲಾಗಿ, ದಾಖಲೆಗಳು ಅಪೂರ್ಣವಾಗಿರುವುದು ಕಂಡುಬಂದಿರುವುದರಿಂದ, ಅಗತ್ಯ ದಾಖಲೆಗಳೊಂದಿಗೆ ಮರುಸಲ್ಲಿಸುವಂತೆ ಸೂಚಿಸಲಾಗಿದೆ’ ಎಂಬ ಬಗೆಯ ವಾಕ್ಯವು ಎಲ್ಲರಿಗೂ ಪರಿಚಿತವೇ. ಇದರಲ್ಲಿ ಕ್ರಿಯೆಗಳಿವೆ, ಕರ್ಮವಿದೆ, ಕರ್ತೃಪದವೇ ಇಲ್ಲ. ಪರಿಶೀಲಿಸಿದವರಾರು? ಇಲ್ಲದಿರುವ ದಾಖಲೆ ಯಾವುದು? ಎಂದಿನೊಳಗೆ, ಯಾರಿಗೆ ಸಲ್ಲಿಸಬೇಕು? ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದ ಮುದುಕಿಯು ಇಷ್ಟನ್ನು ತಿಳಿಯುವುದಕ್ಕಾಗಿಯೇ ನಾಡಕಚೇರಿಗೆ ಮತ್ತೊಮ್ಮೆ ಬರಬೇಕು. ಬಸ್ಸಿನ ಖರ್ಚೂ ತಪ್ಪಿದ ಕೂಲಿಯೂ ಅವಳ ಪಾಲಿಗೆ.

‘ನಿಮ್ಮ ಅರ್ಜಿಯೊಂದಿಗೆ ವಯಸ್ಸಿನ ದಾಖಲೆ ಇಲ್ಲ. ಅದರ ಪ್ರತಿಯನ್ನು ಈ ತಿಂಗಳ 20ರೊಳಗೆ ನಾಡಕಚೇರಿಯ ವಿಷಯ ನಿರ್ವಾಹಕರಿಗೆ ಕೊಡಿ’ ಎಂದು ಬರೆದರೆ ಏನು ಕೊರತೆಯಾದೀತು? ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ವಿರಳ. ‘ಅಂಗಡಿಯವನಿಂದ ಅಕ್ಕಿ ಅಳೆಯಲ್ಪಟ್ಟಿತು’ ಎಂದು ಯಾರೂ ಆಡುವುದಿಲ್ಲ. ಇಂಗ್ಲಿಷ್ ಕಡತಗಳ ಪಡಿಯಚ್ಚಿನಲ್ಲಿ ಬೆಳೆದ ರೂಢಿಯನ್ನೇ ಕಚೇರಿಯ ಗಾಂಭೀರ್ಯವೆಂದು ಸಮರ್ಥಿಸುವವರುಂಟು. ನಿರ್ಣಯವು ವ್ಯಕ್ತಿಯದಲ್ಲ, ಕಚೇರಿಯದು ಎಂಬ ಅವರ ವಾದದಲ್ಲಿ ತಥ್ಯವಿಲ್ಲದಿಲ್ಲ. ಹಾಗಿದ್ದರೆ ‘ತಹಶೀಲ್ದಾರರು ಪರಿಶೀಲಿಸಿದ್ದಾರೆ’ ಎಂದು ಹುದ್ದೆಯನ್ನು ಹೇಳಬಹುದು. ವ್ಯಕ್ತಿಯ ಹೆಸರು ಬೇಕಿಲ್ಲ. ನಾಗರಿಕರಿಗೆ ಸೇವೆಯನ್ನು ಯಾರು, ಎಷ್ಟು ದಿನಗಳೊಳಗೆ ಒದಗಿಸಬೇಕೆಂಬುದನ್ನು ಗೊತ್ತುಪಡಿಸಲು ರಾಜ್ಯವು 2011ರಲ್ಲಿ ಸಕಾಲ ಕಾಯಿದೆಯನ್ನೇ ತಂದಿತು. ಕಾಯಿದೆಯು ಹೆಸರಿಸುವ ಕರ್ತೃವನ್ನೂ ಕಾಲವನ್ನೂ ಕಾಗದವು ಮರೆಸುವುದು ಉಚಿತವೇ?

ಈ ದೋಷದ ಪರಿಹಾರಕ್ಕೆ ಹೊಸ ಪಠ್ಯವೇನೂ ಬೇಕಿಲ್ಲ. ಪ್ರೌಢಶಾಲೆಯಲ್ಲಿ ಕಾರಕ, ವಿಭಕ್ತಿ, ಪ್ರಯೋಗಗಳನ್ನು ಕಲಿಸುತ್ತಲೇ ಇರುವರು. ಆ ಸೂತ್ರಗಳಿಗೆ ಹಳಗನ್ನಡದ ಉದಾಹರಣೆಗಳ ಜೊತೆಗೆ ಒಂದು ಸುತ್ತೋಲೆ, ಒಂದು ಅರ್ಜಿ, ಒಂದು ಸಭಾ ನಡವಳಿಯನ್ನೂ ಲಕ್ಷ್ಯವಾಗಿ ಕೊಟ್ಟರೆ ಸಾಕು. ವಾರಕ್ಕೊಂದು ಪತ್ರವನ್ನು ಬರೆಯಿಸಿ, ‘ಯಾರು, ಏನು, ಎಂದು’ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದೆಯೇ ಎಂದು ಮಕ್ಕಳಿಂದಲೇ ಪರೀಕ್ಷಿಸಿಸಬೇಕು. ಕಚೇರಿಗಳಲ್ಲಿ ದುಡಿದು ನಿವೃತ್ತರಾದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ತರಗತಿಗೆ ಬಂದು ತಮ್ಮ ಅನುಭವವನ್ನು ಧಾರೆಯೆರೆದರೆ, ಅದು ಧನದಾನಕ್ಕಿಂತ ಕಡಿಮೆಯ ದಾನವಾಗದು.

ಹೀಗೆ ಕಲಿತ ವಿದ್ಯಾರ್ಥಿಯು ನಾಳೆ ಮೇಜಿನ ಆಚೆ ಕುಳಿತಾಗ, ಈಚೆ ನಿಂತವರಿಗೆ ಅರ್ಥವಾಗುವ ಕಾಗದವನ್ನು ಬರೆದಾನು. ಅವನಿಗೆ ವ್ಯಾಕರಣ ಕಲಿಸಿದ ಗುರುಗಳ ಶ್ರಮವೂ ಆಗ ಸಾರ್ಥಕವಾದೀತು.