ಇನ್ನಿಬ್ಬರು ಹಿಡಿಸುತ್ತಾರೆ

ಅಲಗೇರಿಯಲ್ಲಿ ವಿಮಾನ ನಿಲ್ದಾಣವಾಗುತ್ತದೆ ಎಂಬ ಮಾತು ಎದ್ದಂದಿನಿಂದ ನಮ್ಮ ಶೆಟಗೇರಿಯ ಚಾದಂಗಡಿಯ ಬೆಂಚಿಗೆ ಹೊಸ ಕಳೆ ಬಂದಿದೆ. ಗುಂಟೆಗೆ ಎಷ್ಟು ಪರಿಹಾರ, ಯಾರ ಮಗನಿಗೆ ನೌಕರಿ, ಮುಂಬಯಿಗೆ ಎಷ್ಟು ತಾಸು, ಎಲ್ಲ ಲೆಕ್ಕವೂ ಅಲ್ಲಿ ಆಗುತ್ತದೆ. ಒಂದು ದಿನ ನಾನು ಬಾಯಿ ತಪ್ಪಿ, "ಅಪಘಾತವಾದರೆ?" ಎಂದೆ. ಪಕ್ಕದಲ್ಲಿದ್ದ ಹಿರಿಯರು ಚಾವನ್ನು ಬಶಿಗೆ ಹೊಯ್ದುಕೊಳ್ಳುತ್ತ, "ಆಯುಷ್ಯ ಮುಗದ್ರೆ ಮನೇಲಿ ಮಲಗಿದ್ರೂ ಹೋಗ್ತದೆ ಮಾಸ್ತರ್ರೇ" ಎಂದರು. ಉಳಿದವರು ತಲೆಯಾಡಿಸಿದರು. ನನಗೆ ಸಿಟ್ಟು ಬಂದದ್ದು ಅವರ ಮಾತಿಗಲ್ಲ, ಈ ತಲೆಯಾಡಿಸುವಿಕೆಗೆ.

ಈ ತಲೆಯಾಡಿಸುವಿಕೆ ನಮ್ಮೂರಿನದು ಮಾತ್ರವಲ್ಲ. ದೂರದ ಅಲಾಸ್ಕಾದಲ್ಲಿ 1920ರ ದಶಕದಲ್ಲಿ ರಸ್ತೆಯಿಲ್ಲದ ಊರುಗಳಿಗೆ ಪುಟ್ಟ ವಿಮಾನಗಳು ಟಪಾಲು, ಸಾಮಾನು ಒಯ್ಯತೊಡಗಿದವು. ಹೊಳೆಯ ಮರಳದಂಡೆ, ಹೆಪ್ಪುಗಟ್ಟಿದ ಕೆರೆ, ಇವೇ ಇಳಿದಾಣ. ಆ ವೈಮಾನಿಕರಲ್ಲಿ ಹೆಸರಾದವನು ಕಾರ್ಲ್ ಬೆನ್ ಐಲ್ಸನ್. 1929ರ ನವೆಂಬರಿನಲ್ಲಿ ಸೈಬೀರಿಯಾದ ಹಿಮದಲ್ಲಿ ಸಿಕ್ಕಿಬಿದ್ದ ಹಡಗಿನಿಂದ ಬೆಲೆಬಾಳುವ ತೊಗಲುಗಳನ್ನು ತರಲು ಹೋಗಿ ಸತ್ತ. ಅವನ ಹೆಸರನ್ನು ಒಂದು ವಾಯುನೆಲೆಗೆ ಇಟ್ಟರು. ಒಳ್ಳೆಯದೇ. ಆದರೆ ತೊಗಲಿಗಾಗಿ ಆ ಹವೆಯಲ್ಲಿ ಹಾರಬೇಕಿತ್ತೇ ಎಂಬ ಪ್ರಶ್ನೆಗೆ ವೀರಗಾಥೆಯಲ್ಲಿ ಜಾಗವಿರುವುದಿಲ್ಲ. ಅರ್ಧ ಶತಮಾನ ಕಳೆದು, 1980ರಲ್ಲಿ, ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಈ ರೋಗಕ್ಕೆ 'ಬುಷ್ ಸಿಂಡ್ರೋಮ್' ಎಂದು ಹೆಸರನ್ನೇ ಕೊಟ್ಟಿತು. ಅಪಾಯವನ್ನು ಸಹಜವೆಂದು ಒಪ್ಪಿಕೊಳ್ಳುವ ರೋಗ. ಅದು ವೈಮಾನಿಕನಿಗಷ್ಟೇ ಅಲ್ಲ, ವಿಮಾನ ಓಡಿಸುವ ಕಂಪನಿಗೂ, ಒಳಗೆ ಕೂತ ಪ್ರಯಾಣಿಕನಿಗೂ ತಗುಲಿರುತ್ತದೆ ಎಂದಿತು. ಪ್ರಯಾಣಿಕ ಎಂದರೆ ನಾವೇ.

ನಮ್ಮ ನಾಡಿನ ಮೊದಲ ದಿನಗಳನ್ನೇ ನೋಡಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲಿಂದ ಮದರಾಸಿಗೆ ಒಯ್ದರು. ಒಂದೇ ಇಂಜಿನ್ನಿನ ಪುಸ್ ಮಾತ್ ವಿಮಾನ, ರೇಡಿಯೋ ಇಲ್ಲ. ಅಹಮದಾಬಾದಿನಲ್ಲಿ ಅದಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ! ಇದನ್ನು ಸಾಹಸದ ಕತೆಯಾಗಿ ಹೇಳುವವರೇ ಎಲ್ಲ. ನನಗೆ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ. ಮಳೆಗಾಲದಲ್ಲಿ ಜುಹೂ ಮೈದಾನದಲ್ಲಿ ನೀರು ನಿಲ್ಲುತ್ತಿತ್ತು. ಆಗ ಅವರು, ನೋಡುವಾ, ದೇವರಿದ್ದಾನೆ ಎಂದು ಇಳಿಸಲಿಲ್ಲ, ಇಡೀ ಕಾರಭಾರವನ್ನೇ ಪುಣೆಗೆ ಸಾಗಿಸಿದರು. ಏನೂ ಸಲಕರಣೆ ಇಲ್ಲದ ಕಾಲದಲ್ಲಿ 'ಇಲ್ಲಿ ಬೇಡ' ಎನ್ನುವ ವಿವೇಕವಿತ್ತು.

ಸಲಕರಣೆಯೆಲ್ಲ ಇದ್ದ ಕಾಲಕ್ಕೆ ಬನ್ನಿ. ಮಂಗಳೂರಿನ ಬಜ್ಪೆಯಲ್ಲಿ 1981ರ ಆಗಸ್ಟಿನಲ್ಲೇ ಒಂದು ವಿಮಾನ ರನ್‌ವೇ ದಾಟಿ ಮುಂದೆ ಹೋಗಿತ್ತು. ಯಾರೂ ಸಾಯಲಿಲ್ಲ, ಹಾಗಾಗಿ ಯಾರೂ ನೆನಪಿಡಲಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅದೇ ಊರಿನ ಗುಡ್ಡದ ನೆತ್ತಿಯ ಹೊಸ ರನ್‌ವೇಯನ್ನೂ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ದಾರಿಯಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆಹೋಗಿದ್ದರು ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಪತ್ರಿಕೆಗಳು ಆ ಗೊರಕೆಯನ್ನೇ ಹಿಡಿದುಕೊಂಡವು. ನನ್ನನ್ನು ಕಾಡುವುದು ಅದಲ್ಲ. ಪಕ್ಕದಲ್ಲಿದ್ದ ಸಹಪೈಲಟ್ ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದರು. ಹೇಳಿದರು, ಅಷ್ಟೇ. ತಾವೇ ಕೈಯಿಟ್ಟು ಮೇಲೇರಿಸಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದು ಎಂದು ಹುಟ್ಟಿದಂದಿನಿಂದ ಕಲಿಸುವ ನಮಗೆ ಆ ಹಿಂಜರಿಕೆ ಅರ್ಥವಾಗದ್ದೇನಲ್ಲ. ಮುಂದೆ 2020ರ ಆಗಸ್ಟ್ 7ರಂದು, ಮಳೆಯಲ್ಲಿ, ಕೋಯಿಕ್ಕೋಡಿನ ಅಂಥದೇ ಗುಡ್ಡದ ರನ್‌ವೇಯಲ್ಲಿ ಅಂಥದೇ ಅಪಘಾತವಾಗಿ 21 ಜನ ಹೋದರು. ಇದಕ್ಕೂ ಆಯುಷ್ಯವನ್ನೇ ದೂರುವುದೇ?

ದೂರದ್ದೇಕೆ, ನಮ್ಮ ಕಾರವಾರದ್ದೇ ಹೇಳುತ್ತೇನೆ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ಕಿಕ್ಕಿರಿದ ದೋಣಿ ಮಗುಚಿ 16 ಜನ ಸತ್ತರು. ಅದು ನೀರಿನದು, ಗಾಳಿಯದಲ್ಲ ಎನ್ನಬೇಡಿ. "ಬನ್ನಿ ಬನ್ನಿ, ಇನ್ನಿಬ್ಬರು ಹಿಡಿಸುತ್ತಾರೆ" ಎಂಬ ಮಾತನ್ನು ನಮ್ಮ ಕಡೆಯ ದೋಣಿಯಲ್ಲೂ ಟೆಂಪೋದಲ್ಲೂ ಕೇಳದವರು ಯಾರಿದ್ದಾರೆ? ಕರೆಯುವವನಷ್ಟೇ ಸರಿದು ಜಾಗ ಕೊಡುವವನೂ ಅದರಲ್ಲಿ ಪಾಲುದಾರ. ಮರುವರ್ಷ ಗಾಂಧಿ ಜಯಂತಿಯ ದಿನ ಟಾಗೋರ್ ಕಡಲತೀರದಲ್ಲಿ ಪ್ಯಾರಾಮೋಟಾರು ಸಮುದ್ರಕ್ಕೆ ಬಿದ್ದು, ಹಾರಲು ಬಂದಿದ್ದ ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಹೋದರು. ಕಡಲನ್ನೇ ವೃತ್ತಿ ಮಾಡಿಕೊಂಡವರು ದಂಡೆಯ ಮೋಜಿನ ಹಾರಾಟದಲ್ಲಿ ಹೋಗಬೇಕಾಯಿತು.

ನಾನು ನಿಲ್ದಾಣ ಬೇಡವೆನ್ನುವವನಲ್ಲ. ಸೀಬರ್ಡಿಗೆ ಮನೆ-ಗದ್ದೆ ಬಿಟ್ಟುಕೊಟ್ಟ ತಾಲೂಕಿನವರಿಗೆ ಪರಿಹಾರದ ಸಭೆಗಳೇನು ಹೊಸತಲ್ಲ, ಪಹಣಿ ಹಿಡಿದು ಹೋಗುವುದು ಗೊತ್ತಿದೆ. ಅದರ ಜೊತೆಗೇ ಒಂದಿಷ್ಟು ಪ್ರಶ್ನೆ ಕೇಳಿ ಎನ್ನುತ್ತೇನೆ. ರನ್‌ವೇಯ ತುದಿಯಾಚೆ ಎಷ್ಟು ಮಾರು ಸಮತಟ್ಟು ಜಾಗ ಬಿಡುತ್ತೀರಿ? ಆಷಾಢದ ಮಳೆಯಲ್ಲಿ ಇಳಿಸಲಾಗದು ಎಂದು ಪೈಲಟ್ ತಿರುಗಿಹೋದರೆ ಅವನನ್ನು ಬೈಯುತ್ತೀರೋ, ಬೆನ್ನು ತಟ್ಟುತ್ತೀರೋ? ವಿಮಾನ ಗದ್ದೆಗೆ ಬಿದ್ದರೆ ಬೆಂಕಿ ಆರಿಸುವ ಗಾಡಿ ಯಾವ ದಾರಿಯಿಂದ ಬರುತ್ತದೆ? ಹೆದ್ದಾರಿಯಲ್ಲಿ ಬಸ್ಸು ಲಾರಿ ಗುದ್ದಿಕೊಂಡರೇ ಗಾಯಾಳುಗಳನ್ನು ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಹೊತ್ತುಕೊಂಡು ಓಡುವ ಜಿಲ್ಲೆ ನಮ್ಮದು. ಸುಟ್ಟ ಮೈಯ ನೂರು ಜನರನ್ನು ಅಂದು ಎಲ್ಲಿಗೆ ಒಯ್ಯುತ್ತೀರಿ?